ಮೀಲ್ ಮೇಕರ್: ಇಲ್ಲದ ಭಯ, ಇಲ್ಲದ ಬಲ

ಪಲಾವಿನಲ್ಲಿ ಮೀಲ್ ಮೇಕರ್, ಅಂದರೆ ಸೋಯಾ ಉಂಡೆ, ಕಂಡರೆ ಹೆಕ್ಕಿ ಎಲೆಯ ಅಂಚಿಗೆ ಸರಿಸುವವರು ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ಯಾಕೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಅವುಗಳಲ್ಲಿ ಕೆಲವನ್ನು ನಾವೂ ನಂಬಿಕೊಂಡಿದ್ದವರೇ.

ನಂಬಿಕೆ: ಇದು ಯಾವುದೋ ಪ್ಲಾಸ್ಟಿಕ್ಕು. ಇಲ್ಲದಿದ್ದರೆ ನೀರಿಗೆ ಹಾಕಿದರೆ ಸ್ಪಂಜಿನಂತೆ ಯಾಕೆ ಉಬ್ಬುತ್ತದೆ?

ವಾಸ್ತವ: ಬೀದರ್, ಬೆಳಗಾವಿ ಕಡೆ ಮುಂಗಾರಿಗೆ ಬಿತ್ತುವ ಸೋಯಾವೇ ಇದರ ಮೂಲ. ಕಾಳಿನ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿಗೆ ನೀರು ಬೆರೆಸಿ, ಯಂತ್ರದಲ್ಲಿ ಬಿಸಿ ಮಾಡಿ, ಒತ್ತಡ ಕೊಟ್ಟು ಸಣ್ಣ ತೂತಿನಿಂದ ಹೊರಗೆ ತಳ್ಳುತ್ತಾರೆ. ಹೊರಬಂದ ಕೂಡಲೇ ಒಳಗಿನ ನೀರು ಆವಿಯಾಗಿ ಹಾರುತ್ತದೆ, ಉಂಡೆಯೊಳಗೆಲ್ಲ ಸಣ್ಣ ಪೊಳ್ಳುಗಳು ಉಳಿಯುತ್ತವೆ. ನೆನೆಸಿದಾಗ ನೀರು ತುಂಬುವುದು ಆ ಪೊಳ್ಳುಗಳಲ್ಲಿ.

ನಂಬಿಕೆ: ಗಂಡಸರು ತಿಂದರೆ ಗಂಡಸುತನ ಕುಗ್ಗುತ್ತದೆ, ಎದೆ ಬೆಳೆಯುತ್ತದೆ.

ವಾಸ್ತವ: ಹರೆಯದ ಹುಡುಗರನ್ನು ಹೆಚ್ಚು ಹೆದರಿಸಿದ್ದು ಇದೇ. ಈ ಗುಲ್ಲಿಗೊಂದು ಬುಡವೂ ಇದೆ. ಸೋಯಾದಲ್ಲಿರುವ ಐಸೋಫ್ಲೇವೋನ್ ರಚನೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನನ್ನು ಹೋಲುತ್ತದೆ. ಪ್ರಭಾವದಲ್ಲಿ ಮಾತ್ರ ಅದಕ್ಕಿಂತ ಬಹಳ ದುರ್ಬಲ. 2008ರಲ್ಲಿ ಅಮೆರಿಕದ ವೈದ್ಯರು ಎದೆ ಊದಿ ನೋವು ಕಾಣಿಸಿಕೊಂಡ 60 ವರ್ಷದ ಒಬ್ಬರ ಪ್ರಕರಣವನ್ನು ವರದಿ ಮಾಡಿದ್ದೂ ನಿಜ. ಆತ ಕುಡಿಯುತ್ತಿದ್ದ ಸೋಯಾ ಹಾಲು ದಿನಕ್ಕೆ ಸುಮಾರು ಮೂರು ಲೀಟರ್! ಬಿಟ್ಟ ಮೇಲೆ ನೋವು ಹೋಯಿತು, ಹಾರ್ಮೋನೂ ಹಿಡಿತಕ್ಕೆ ಬಂತು. ಸುದ್ದಿ ಹಬ್ಬಿಸಿದವರು ಆ ಮೂರು ಲೀಟರನ್ನು ನುಂಗಿ, ಉಳಿದದ್ದನ್ನು ಹಂಚಿದರು. ಗಂಡಸರ ಮೇಲೆ ನಡೆದ ಹಲವು ಪ್ರಯೋಗಗಳ ಫಲಿತಾಂಶಗಳನ್ನು 2010ರಲ್ಲೊಮ್ಮೆ, 2021ರಲ್ಲೊಮ್ಮೆ ಒಟ್ಟುಗೂಡಿಸಿ ನೋಡಿದಾಗ, ಸೋಯಾದಿಂದ ಟೆಸ್ಟೋಸ್ಟಿರೋನ್ ಗಮನಾರ್ಹವಾಗಿ ಇಳಿದದ್ದು ಕಂಡಿಲ್ಲ.

ಎಚ್ಚರ ಬೇಕಾದವರು ಬೇರೆ ಇದ್ದಾರೆ. ಥೈರಾಯ್ಡ್ ಮಾತ್ರೆಯನ್ನು ದೇಹ ಹೀರಿಕೊಳ್ಳುವುದಕ್ಕೆ ಸೋಯಾ ಅಡ್ಡಿಯಾಗಬಲ್ಲದು. ಹಾಗಾಗಿ ಎರಡರ ನಡುವೆ ಕೆಲವು ಗಂಟೆಗಳ ಅಂತರ ಬೇಕು. ಸೋಯಾ ಅಲರ್ಜಿ ಇರುವವರಂತೂ ಮುಟ್ಟುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಂಬಿಕೆ: ಪ್ಯಾಕೆಟ್ ಮೇಲೆ 100 ಗ್ರಾಮಿಗೆ 52 ಗ್ರಾಂ ಪ್ರೋಟೀನ್ ಎಂದಿದೆ, ಅಂದಮೇಲೆ ಒಂದು ಬಟ್ಟಲು ಪಲ್ಯದ ಮುಂದೆ ಕೋಳಿ ಏನೂ ಅಲ್ಲ.

ವಾಸ್ತವ: ಜಿಮ್ ಹುಡುಗರೇ, ಅದು ಒಣ ಉಂಡೆಯ ಲೆಕ್ಕ. ನೆನೆಸಿ ಹಿಂಡಿದ ಮೇಲೂ ಅದರ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಆಗ 100 ಗ್ರಾಮಿನಲ್ಲಿ ಸಿಗುವುದು ಹೆಚ್ಚೂಕಡಿಮೆ 17 ಗ್ರಾಂ. ಬೇಯಿಸಿದ ಕೋಳಿಯ ಎದೆಮಾಂಸದಲ್ಲಿ ಸುಮಾರು 30. ಬಿ12 ಜೀವಸತ್ವಕ್ಕೂ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಾಗೆಂದು 17 ಗ್ರಾಂ ಕಡಿಮೆಯೇನಲ್ಲ.

ನಂಬಿಕೆ: ಮೀಲ್ ಮೇಕರ್ ಬದಲು ಗುಜ್ಜೆ (ಎಳೆ ಹಲಸಿನಕಾಯಿ), ಅಣಬೆ ತಿಂದರೂ ಮಾಂಸ ತಿಂದಷ್ಟೇ ಪುಷ್ಟಿ.

ವಾಸ್ತವ: ಬಾಯಿಗೆ ಮಾಂಸ, ಲೆಕ್ಕಕ್ಕೆ ತರಕಾರಿ. ಎರಡರಲ್ಲೂ 100 ಗ್ರಾಮಿಗೆ ಎರಡು ಮೂರು ಗ್ರಾಂ ಪ್ರೋಟೀನ್ ಅಷ್ಟೆ. ಕರಾವಳಿಯಲ್ಲಿ ಗುಜ್ಜೆಗೆ ಕಡಲೆ ಸೇರಿಸಿ ಸುಕ್ಕ ಮಾಡುತ್ತಾರಲ್ಲ, ಅದರಲ್ಲಿ ಪ್ರೋಟೀನ್ ಹೆಚ್ಚಾಗಿ ಬರುವುದು ಕಡಲೆಯಿಂದ.