ಬಿದ್ದವರ ಕಡೆಗೇ ಚುಕ್ಕಾಣಿ

“ದೋಣಿ ನಡೆಸೋ ಲೈಸೆನ್ಸ್ ಮಾಡಿಸ್ತಾ ಇದ್ದೇನೆ” ಎಂದು ಫೋನಿನಲ್ಲಿ ಹೇಳಿದ್ದೇ ತಡ, ಅಂಕೋಲೆಯಲ್ಲಿದ್ದ ಆಯಿ ಸುಮ್ಮನಾದಳು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ದೋಣಿಯ ಮಾತೇ ಇಲ್ಲ. “ಲೆಕ್ಕ ಬರೆಯೋ ಕೆಲಸ ಸಾಲದಾ ತಮಾ?” ಎಂದಷ್ಟೇ ಕೇಳಿದಳು.

ನಾನು ಬರ್ಲಿನ್‌ನಲ್ಲಿ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಲ್ಲಿ ಸ್ಪ್ರೇ, ಹಾವೆಲ್ ನದಿಗಳು ಊರೊಳಗೇ ಹರಿಯುತ್ತವೆ. ಬೇಸಿಗೆಯ ಭಾನುವಾರ ಎಲ್ಲಿ ನೋಡಿದರೂ ದೋಣಿಗಳೇ. 15 ಅಶ್ವಶಕ್ತಿವರೆಗಿನ ಮೋಟಾರ್ ದೋಣಿಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಕಳೆದ ಬೇಸಿಗೆಯಲ್ಲಿ ಸಹೋದ್ಯೋಗಿಗಳು ಅಂಥದೊಂದನ್ನು ಬಾಡಿಗೆಗೆ ಪಡೆದು ಚುಕ್ಕಾಣಿ ನನ್ನ ಕೈಗಿತ್ತರು. ಎಂಟು ವರ್ಷದ ಮಗಳು ಅಂಚಿಗೆ ಬಗ್ಗಿ ನೀರು ಮುಟ್ಟುತ್ತಿದ್ದಳು. ಅವಳು ಜಾರಿ ಬಿದ್ದರೆ ಮೊದಲು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕಾನೂನು ಕೇಳದಿದ್ದರೂ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದು ಆ ಭಯಕ್ಕೆ.

ಜರ್ಮನಿಯಲ್ಲಿ ನದಿ, ಕೆರೆಗಳಿಗೊಂದು ಲೈಸೆನ್ಸ್, ಸಮುದ್ರಕ್ಕೆ ಇನ್ನೊಂದು. ಮೋಟಾರ್ ದೋಣಿಗೆ 16 ವರ್ಷ ತುಂಬಿರಬೇಕು. ಮೊದಲು ವೈದ್ಯರು ಕಣ್ಣು, ಕಿವಿ ಪರೀಕ್ಷಿಸಿದರು. ಬಣ್ಣ ಗುರುತಿಸುತ್ತೇನೆಯೇ ಎಂದೂ ನೋಡಿದರು. ಕಾರಣವಿದೆ. ಕತ್ತಲಲ್ಲಿ ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎದುರಿನ ದೋಣಿ ಯಾವ ಕಡೆ ಹೊರಟಿದೆ ಎಂದು ತಿಳಿಯುವುದು ಅದರಿಂದಲೇ.

ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆ, ಜರ್ಮನ್ ಭಾಷೆಯಲ್ಲಿ. ಮೂಲ ವಿಷಯದ 7ರಲ್ಲಿ 5, ಒಳನಾಡಿನ ಜಲಮಾರ್ಗದ 23ರಲ್ಲಿ 18 ಸರಿಯಾಗಬೇಕು. ಒಂದರಲ್ಲಿ ಪೂರ್ತಿ ಅಂಕ ಬಂದರೂ ಇನ್ನೊಂದರಲ್ಲಿ ಕಡಿಮೆಯಾದರೆ ನಪಾಸು. ಸಿ.ಎ. ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೆ ಶೇ 40, ಒಟ್ಟು ಶೇ 50 ಎಂದು ಲೆಕ್ಕ ಹಾಕುತ್ತಾ ನಿದ್ದೆಗೆಟ್ಟಿದ್ದು ನೆನಪಾಯಿತು. ರೈಲಿನಲ್ಲಿ ಓಡಾಡುತ್ತಲೇ ಓದಿ ಪಾಸಾದೆ.

ಕಷ್ಟವಾದದ್ದು ನೀರಿನ ಮೇಲಿನ ಪರೀಕ್ಷೆ. ಹಗ್ಗದ ಗಂಟು ಹಾಕುವುದು, ದೋಣಿಯನ್ನು ದಡಕ್ಕೆ ತರುವುದು ಹೇಗೋ ಕೈಗೆ ಹತ್ತಿತು. ಆಮೇಲೆ ತರಬೇತುದಾರರು ನೀರಿಗೊಂದು ರಿಂಗ್ ಎಸೆದು, “ಮನುಷ್ಯ ಬಿದ್ದ, ಬಲಕ್ಕೆ!” ಎಂದು ಕೂಗಿದರು. ಗಾಬರಿಯಲ್ಲಿ ನಾನು ಎಡಕ್ಕೆ ತಿರುಗಿಸಿದೆ. “ಈಗ ಪ್ರೊಪೆಲ್ಲರ್ ಅವನ ಮೇಲೆ ಹೋಯಿತು” ಎಂದರು ಅವರು. ಮೈ ತಣ್ಣಗಾಯಿತು.

ಬಿದ್ದವರ ಕಡೆಗೇ ಚುಕ್ಕಾಣಿ ತಿರುಗಿಸಬೇಕು. ಆಗ ದೋಣಿಯ ಹಿಂಭಾಗ, ಅದರ ಜೊತೆ ಪ್ರೊಪೆಲ್ಲರ್, ಅವರಿಂದ ದೂರ ಸರಿಯುತ್ತದೆ. ತಕ್ಷಣ ಗೇರ್ ನ್ಯೂಟ್ರಲ್‌ಗೆ ತರಬೇಕು. ಬಿದ್ದವರ ಮೇಲೆ ಕಣ್ಣಿಡಲು ಒಬ್ಬರನ್ನು ನಿಲ್ಲಿಸಬೇಕು. ಬಳಿಕ ಸುತ್ತಿಬಂದು, ಗಾಳಿಗೆ ಎದುರಾಗಿ ನಿಧಾನಕ್ಕೆ ಹತ್ತಿರ ಹೋಗಿ ಎತ್ತಿಕೊಳ್ಳಬೇಕು. ಕೈ ತಾನಾಗಿ ತಿರುಗುವವರೆಗೂ ಅದನ್ನೇ ಅಭ್ಯಾಸ ಮಾಡಿದೆ. ಪರೀಕ್ಷೆಯ ದಿನ ರಿಂಗ್ ಮೊದಲ ಸಲಕ್ಕೇ ಕೈಗೆ ಸಿಕ್ಕಿತು.

ಲೈಸೆನ್ಸ್ ಬಂದ ದಿನ ಆಯಿಗೆ ವಿಡಿಯೊ ಕರೆ ಮಾಡಿ, ಊಟದ ಮೇಜಿನ ಮೇಲೆ ಲೋಟವನ್ನು ದೋಣಿ ಮಾಡಿ ಇದನ್ನೆಲ್ಲ ತೋರಿಸಿದೆ. ಪೂರ್ತಿ ನೋಡಿದಳು. ಆಮೇಲೆ ಎರಡೇ ಪ್ರಶ್ನೆ: “ಎಷ್ಟು ಜನ ಹತ್ತುತ್ತೀರಿ? ಜಾಕೆಟ್ ಎಷ್ಟಿದೆ?”

“ಮೂರು ಜನ, ಮೂರು ಜಾಕೆಟ್” ಎಂದೆ.

“ಮಗಳದ್ದು ಅವಳ ಅಳತೆಯದೇ ತಾನೇ?”

ಊರಿನಲ್ಲಿರುವ ಹಿರಿಯರೇ, ನಿಮ್ಮ ಮಕ್ಕಳು ಎಲ್ಲಿಯಾದರೂ ದೋಣಿ ಹತ್ತುತ್ತೇವೆಂದರೆ ಬೇಡ ಎನ್ನಬೇಡಿ. ಆಯಿ ಕೇಳಿದ್ದನ್ನು ಕೇಳಿ.