ಚೆಂಡು ತಿರುಗದಿದ್ದರೇನಂತೆ!

ಕ್ರಿಕೆಟ್‌ನಲ್ಲಿ ಕೈಗೂಡಲು ತೀರ ಕಷ್ಟವಾದ ವಿದ್ಯೆಗಳಲ್ಲಿ ಲೆಗ್ ಸ್ಪಿನ್ ಒಂದು. ಆಫ್ ಸ್ಪಿನ್ನರ್ ಬೆರಳುಗಳಿಂದ ಚೆಂಡಿಗೆ ತಿರುವು ಕೊಡುತ್ತಾನೆ. ಲೆಗ್ ಸ್ಪಿನ್ನರ್ ನಂಬಬೇಕಾದದ್ದು ಮಣಿಕಟ್ಟನ್ನು. ಚೆಂಡು ಕೈಬಿಡುವ ಗಳಿಗೆಯಲ್ಲಿ ಅದು ಸ್ವಲ್ಪ ವಾಲಿದರೂ ಸಾಕು, ಎಸೆತ ಫುಲ್‌ಟಾಸ್ ಆಗಿಯೋ, ಪಿಚ್‌ನ ನಡುವೆ ಬಿದ್ದೋ ಬೌಂಡರಿ ಸೇರುತ್ತದೆ. ಅದೇ ಮಣಿಕಟ್ಟನ್ನು ಬೇಕೆಂದೇ ಇನ್ನೊಂದು ಕೋನಕ್ಕೆ ಹೊರಳಿಸಿದರೆ ಚೆಂಡು ವಿರುದ್ಧ ದಿಕ್ಕಿಗೆ ತಿರುಗುವ ಗೂಗ್ಲಿ; ನೇರ ಮುಂದಕ್ಕೆ ಉರುಳಿಸಿದರೆ ಪುಟಿದೇಳುವ ಟಾಪ್ ಸ್ಪಿನ್; ಬೆರಳುಗಳ ನಡುವಿನಿಂದ ಹಿಸುಕಿ ಬಿಟ್ಟರೆ ತಗ್ಗಿ ಜಾರಿಬರುವ ಫ್ಲಿಪ್ಪರ್. ಇವೆಲ್ಲ ಕೈವಶವಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಹೊಡೆಸಿಕೊಳ್ಳುತ್ತಲೇ ಕಲಿಯಬೇಕು.

ಹೀಗೆ ಹೊಡೆಸಿಕೊಂಡು ಕಲಿಯುವ ವಯಸ್ಸು ಹದಿಮೂರರಿಂದ ಇಪ್ಪತ್ತು. ನಮ್ಮ ಮನೆಗಳಲ್ಲಿ ಅದೇ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿಗಳ ವಯಸ್ಸು. ಮಗ ಸಂಜೆಯೆಲ್ಲ ನೆಟ್ಸ್‌ನಲ್ಲಿ ಕಳೆದು, ಭಾನುವಾರದ ಪಂದ್ಯದಲ್ಲಿ ಓವರಿಗೆ ಹತ್ತು ರನ್ ಕೊಟ್ಟು ಬಂದರೆ ತಂದೆ ತಾಯಿ ಏನೆಂದುಕೊಳ್ಳಬೇಕು? ಇವನಿಗೆ ಇದು ಒಗ್ಗದ ವಿದ್ಯೆ ಎಂದೇ? ಅಥವಾ ಇನ್ನೂ ಕಾಯಬೇಕೆಂದೇ?

ಆರಂಭವೇ ಎಲ್ಲವೂ ಅಲ್ಲ

ಉತ್ತರಕ್ಕೆ ಕೆಲವು ದಾಖಲೆಗಳನ್ನು ತೆಗೆದು ನೋಡಬಹುದು. 1984ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ 12 ವಿಕೆಟ್ ಪಡೆದಾಗ ಲಕ್ಷ್ಮಣ್ ಶಿವರಾಮಕೃಷ್ಣನ್ ಅವರಿಗೆ ಇನ್ನೂ 18ರ ಪ್ರಾಯ. ಆದರೆ ಅವರ ಟೆಸ್ಟ್ ಜೀವನ 9 ಪಂದ್ಯಗಳಿಗೆ ಮುಗಿದುಹೋಯಿತು. 1988ರ ಜನವರಿಯಲ್ಲಿ ಮದರಾಸಿನಲ್ಲಿ ನರೇಂದ್ರ ಹಿರ್ವಾನಿ ತಮ್ಮ ಮೊಟ್ಟಮೊದಲ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸ್‌ನ 16 ವಿಕೆಟ್‌ಗಳನ್ನು 136 ರನ್‌ಗೆ ಉರುಳಿಸಿದರು. ಚೊಚ್ಚಲ ಪಂದ್ಯದ ಆ ವಿಶ್ವದಾಖಲೆ ಇಂದಿಗೂ ಅಳಿದಿಲ್ಲ. ಅವರಿಗೆ ಸಿಕ್ಕಿದ್ದು ಒಟ್ಟು 17 ಟೆಸ್ಟ್‌ಗಳು ಮಾತ್ರ.

ಇನ್ನೊಂದು ಕಡೆ ಆಸ್ಟ್ರೇಲಿಯಾದ ಶೇನ್ ವಾರ್ನ್. 1992ರಲ್ಲಿ ಸಿಡ್ನಿಯಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿದಾಗ 150 ರನ್ ತೆತ್ತು ಅವರು ಗಳಿಸಿದ್ದು ಒಂದೇ ವಿಕೆಟ್. ಅದೇ ವಾರ್ನ್ 2007ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 708 ವಿಕೆಟ್‌ಗಳಿದ್ದವು. ಲೆಗ್ ಸ್ಪಿನ್ನರನ ಭವಿಷ್ಯವನ್ನು ಮೊದಲ ಅಧ್ಯಾಯ ಓದಿ ಹೇಳಲಾಗದು. ಇದಕ್ಕೆ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ವೇಗಿಯಾಗಿದ್ದ ಹುಡುಗ

ಕಾಸರಗೋಡು ಜಿಲ್ಲೆಯ ಕುಂಬ್ಳೆ ಮೂಲದ ಕುಟುಂಬದಲ್ಲಿ 1970ರ ಅಕ್ಟೋಬರ್ 17ರಂದು ಜನಿಸಿದ ಅನಿಲ್, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿ. ಮೊದಲು ಎಸೆಯುತ್ತಿದ್ದುದು ಮಧ್ಯಮ ವೇಗದ ಚೆಂಡು. ಲೆಗ್ ಸ್ಪಿನ್ ಹಾಕು ಎಂದು ಹೇಳಿದವರು ಅಣ್ಣ ದಿನೇಶ್. ಹುಡುಗ ಸ್ಪಿನ್ನರ್ ಆದನಾದರೂ ವೇಗಿಯ ಓಟ, ಎತ್ತರದಿಂದ ಬೀಸಿ ಬರುವ ತೋಳು ಹಾಗೆಯೇ ಉಳಿದವು. ಚೆಂಡು ಹೆಚ್ಚು ತಿರುಗುತ್ತಿರಲಿಲ್ಲ. ನೇರವಾಗಿ, ರಭಸದಿಂದ ಬಂದು ಪುಟಿಯುತ್ತಿತ್ತು.

ಇದೇ ಮುಂದೆ ಟೀಕೆಯ ವಸ್ತುವಾಯಿತು. ಚೆಂಡೇ ತಿರುಗದವನು ಎಂಥ ಲೆಗ್ ಸ್ಪಿನ್ನರ್ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ಅವರು ಕರ್ನಾಟಕದವರೇ ಆದ ಬಿ.ಎಸ್. ಚಂದ್ರಶೇಖರ್ ಅವರನ್ನು ಮರೆತಿದ್ದರೇನೋ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಚಂದ್ರ ವೇಗದ ಗೂಗ್ಲಿ ಎಸೆದು, 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಪಡೆದು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯ ತಂದಿತ್ತವರು. 58 ಟೆಸ್ಟ್‌ಗಳಲ್ಲಿ ಅವರು ಗಳಿಸಿದ್ದು 242 ವಿಕೆಟ್. ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಪರಂಪರೆ ಇಲ್ಲಿಯೇ ಇತ್ತು.

ಕಾದ ಎರಡು ವರ್ಷ

1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕನ್ನಡಕಧಾರಿ ಕುಂಬ್ಳೆ ಮೊದಲ ಟೆಸ್ಟ್ ಆಡಿದರು. ಆಟ ಕಣ್ಣು ಕುಕ್ಕುವಂತಿರಲಿಲ್ಲ. ಮುಂದಿನ ಟೆಸ್ಟ್‌ಗಾಗಿ ಎರಡು ವರ್ಷ ಕಾಯಬೇಕಾಯಿತು. ಆಗ ಅವರು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿ. ಭಾರತ ತಂಡದ ಅಂಗಿ ತೊಟ್ಟಾಯಿತು, ಇನ್ನೇಕೆ ಓದು ಎಂದು ಪುಸ್ತಕ ಮುಚ್ಚಿಡಲಿಲ್ಲ; ತಂಡದಿಂದ ಹೊರಬಿದ್ದಾಗ, ಸಾಕು ಈ ಆಟ ಎಂದು ಚೆಂಡನ್ನೂ ಕೆಳಗಿಡಲಿಲ್ಲ. ಪದವಿಯೂ ಕೈಸೇರಿತು, ದೇಶೀಯ ಪಂದ್ಯಗಳಲ್ಲಿ ವಿಕೆಟ್‌ಗಳೂ ಬಂದವು. 1992ರಲ್ಲಿ ತಂಡಕ್ಕೆ ಮರಳಿದ ಅವರು ಜೋಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕಾದ 6 ವಿಕೆಟ್‌ಗಳನ್ನು 53 ರನ್‌ಗೆ ಕಿತ್ತರು. 1993ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ 3 ಟೆಸ್ಟ್‌ಗಳಲ್ಲಿ 21 ವಿಕೆಟ್. 1995ರಲ್ಲಿ ನಾರ್ಥಾಂಪ್ಟನ್‌ಷೈರ್ ಕೌಂಟಿಯ ಪರ ಒಂದೇ ಋತುವಿನಲ್ಲಿ 105 ವಿಕೆಟ್.

1999ರ ಫೆಬ್ರುವರಿ 7ರ ಸಾಧನೆಯನ್ನು ಯಾರೂ ಮರೆಯುವಂತಿಲ್ಲ. ದೆಹಲಿಯ ಕೋಟ್ಲಾ ಮೈದಾನದಲ್ಲಿ 420 ರನ್ ಗುರಿ ಬೆನ್ನತ್ತಿದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿ ನಿರಾಳವಾಗಿತ್ತು. ಅಲ್ಲಿಂದ ಹತ್ತಕ್ಕೆ ಹತ್ತೂ ವಿಕೆಟ್ ಕುಂಬ್ಳೆಯ ಪಾಲು, 26.3 ಓವರ್, 74 ರನ್. ಟೆಸ್ಟ್ ಇತಿಹಾಸದಲ್ಲಿ ಅದಕ್ಕೆ ಮೊದಲು ಹಾಗೆ ಮಾಡಿದ್ದವರು 1956ರಲ್ಲಿ ಜಿಮ್ ಲೇಕರ್ ಒಬ್ಬರೇ.

ಮತ್ತೆ ವಿದ್ಯಾರ್ಥಿ

ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. ವರ್ಷಗಳ ದುಡಿತಕ್ಕೆ ಬಲಭುಜ ಸೋತಿತು. ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿ ತಪ್ಪಿಹೋಯಿತು. ಅದೇ ಸರಣಿಯಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮೊದಲ ಸ್ಪಿನ್ನರನ ಜಾಗಕ್ಕೆ ಹಕ್ಕು ಸ್ಥಾಪಿಸಿದರು. 2002ರಲ್ಲಿ ಆಂಟಿಗಾದಲ್ಲಿ ಚೆಂಡು ಬಡಿದು ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ಕಿತ್ತ ಆ ಚಿತ್ರ ಇಂದಿಗೂ ಹಲವರ ಕಣ್ಣ ಮುಂದಿದೆ.

ಆದರೆ ಮಕ್ಕಳು ಗಮನಿಸಬೇಕಾದ ಪಾಠ ಆ ಪಟ್ಟಿಗಿಂತ ಮುಂದಿನ ವರ್ಷದ ಆಸ್ಟ್ರೇಲಿಯಾ ಪ್ರವಾಸದಲ್ಲಿದೆ. ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ಗೆ 33ರ ಕುಂಬ್ಳೆಗೆ ಜಾಗವಿರಲಿಲ್ಲ. ಹರಭಜನ್ ಗಾಯಗೊಂಡ ಮೇಲೆ ಅವಕಾಶ ಸಿಕ್ಕಿತು. ಅಷ್ಟರಲ್ಲಿ ಅವರು ವೇಗವನ್ನು ತಗ್ಗಿಸಿ, ಗೂಗ್ಲಿಯನ್ನು ಹೊಸದಾಗಿ ತಿದ್ದಿಕೊಂಡಿದ್ದರು. ಉಳಿದ 3 ಟೆಸ್ಟ್‌ಗಳಲ್ಲಿ 24 ವಿಕೆಟ್! ಹತ್ತು ವಿಕೆಟ್‌ಗಳ ವೀರನೇ ಮತ್ತೆ ನೆಟ್ಸ್‌ಗೆ ಹೋಗಿ ಅಭ್ಯಾಸ ಆರಂಭಿಸಿದ್ದರ ಫಲ ಅದು.

ಪೋಷಕರಿಗೆ ಒಂದು ಲೆಕ್ಕ

ಇಂದು ಟ್ವೆಂಟಿ-20 ಆಟದಲ್ಲಿ ಲೆಗ್ ಸ್ಪಿನ್ನರ್‌ಗಳಿಗೆ ದೊಡ್ಡ ಬೇಡಿಕೆಯಿದೆ. ಅಫ್ಗಾನಿಸ್ತಾನದ ರಶೀದ್ ಖಾನ್ ಆ ಬಲದಿಂದಲೇ ಲೋಕವೆಲ್ಲ ಸುತ್ತಿ ಆಡಿದರು. ಹಣವನ್ನು ಕಂಡು ಆಸೆಪಡುವುದು ತಪ್ಪಲ್ಲ. ಆದರೆ ರಾಜ್ಯ ತಂಡದಲ್ಲಿ ಆಡುವವರು ಹನ್ನೊಂದೇ ಮಂದಿ. ಅವರಲ್ಲಿ ಲೆಗ್ ಸ್ಪಿನ್ನರ್ ಒಬ್ಬನಿದ್ದರೆ ಹೆಚ್ಚು. ಭುಜ, ಬೆರಳು ಯಾವಾಗ ಕೈಕೊಡುತ್ತವೋ ತಿಳಿಯದು. ಅದಕ್ಕೇ ಓದನ್ನು ಬಿಡಿಸಿ ಮೈದಾನಕ್ಕೆ ಅಟ್ಟುವುದೂ ಬೇಡ, ನಾಲ್ಕು ಪಂದ್ಯದಲ್ಲಿ ಹೊಡೆಸಿಕೊಂಡನೆಂದು ಮನೆಯಲ್ಲಿ ಕೂರಿಸುವುದೂ ಬೇಡ. ಎರಡನ್ನೂ ಜೊತೆಯಾಗಿ ಹೊರಲು ಸಾಧ್ಯ ಎಂಬುದಕ್ಕೆ ಬಸವನಗುಡಿಯ ಆ ಇಂಜಿನಿಯರ್ ಸಾಕ್ಷಿ.

2008ರ ನವೆಂಬರ್ 2ರಂದು, ಅದೇ ಕೋಟ್ಲಾದಲ್ಲಿ, ಭಾರತದ ನಾಯಕರಾಗಿಯೇ ಕುಂಬ್ಳೆ ವಿದಾಯ ಹೇಳಿದರು. 132 ಟೆಸ್ಟ್, 619 ವಿಕೆಟ್. ಭಾರತದ ಬೇರಾವ ಬೌಲರೂ ಇದುವರೆಗೆ ಆ ಎತ್ತರ ಮುಟ್ಟಿಲ್ಲ. 2024ರ ಕೊನೆಗೆ ಆಟ ಬಿಟ್ಟ ರವಿಚಂದ್ರನ್ ಅಶ್ವಿನ್ 537ಕ್ಕೆ ನಿಂತರು. ಕುಂಬ್ಳೆ ಟೆಸ್ಟ್‌ನಲ್ಲಿ ಎಸೆದ ಚೆಂಡುಗಳು 40,850. ಭಾಗಿಸಿ ನೋಡಿ: ವಿಕೆಟ್ ಒಂದಕ್ಕೆ 66 ಎಸೆತ. ಅಂದರೆ ದೇಶದ ಅತ್ಯಂತ ಯಶಸ್ವಿ ಬೌಲರ್ ಕೂಡ ಸರಾಸರಿ 65 ಸಲ ಬರಿಗೈಯಲ್ಲಿ ತನ್ನ ಗುರುತಿಗೆ ಹಿಂದಿರುಗಿ, ಮತ್ತೆ ಓಡಿ ಬಂದಿದ್ದಾರೆ. ಮುಂದಿನ ಭಾನುವಾರ ಮಗ ವಿಕೆಟ್ ಇಲ್ಲದೆ ಮನೆಗೆ ಬಂದರೆ ಈ ಲೆಕ್ಕ ನೆನಪಿರಲಿ.