ನಿಮಗಿದು ಗೊತ್ತೇ? ಪರದೆಯ ಮೇಲಿನ ರೋಲರ್ ಕೋಸ್ಟರಿಗೂ ಗುರುತ್ವದ ಹಂಗು

1999ರಲ್ಲಿ ಬಂದ ‘ರೋಲರ್‌ಕೋಸ್ಟರ್ ಟೈಕೂನ್’ ಗೇಮ್‌ನ ಪ್ರೋಗ್ರಾಮಿನಲ್ಲಿ ಶೇ. 99ರಷ್ಟು ಅಸೆಂಬ್ಲಿ ಭಾಷೆಯಲ್ಲಿದೆ. ಪ್ರೊಸೆಸರ್‌ಗೆ ಒಂದೊಂದೇ ಸೂಚನೆ ಕೊಡುತ್ತಾ ಹೋಗುವ ಈ ಶ್ರಮದ ಭಾಷೆಯಲ್ಲಿ ಅದನ್ನು ಬರೆದವರು ಸ್ಕಾಟ್ಲೆಂಡಿನ ಕ್ರಿಸ್ ಸಾಯರ್. ವಿಂಡೋಸ್ ಜೊತೆ ವ್ಯವಹರಿಸುವ ಸಣ್ಣ ಭಾಗವಷ್ಟೇ ಸಿ ಭಾಷೆಯದು. ಚಿತ್ರಗಳನ್ನು ಸೈಮನ್ ಫಾಸ್ಟರ್, ಸಂಗೀತವನ್ನು ಆಲಿಸ್ಟರ್ ಬ್ರಿಂಬಲ್ ಮಾಡಿಕೊಟ್ಟರು. ನೂರಾರು ಜನ ಓಡಾಡುವ ಇಡೀ ಪಾರ್ಕು ಆ ಕಾಲದ ಸಾಧಾರಣ ಕಂಪ್ಯೂಟರಿನಲ್ಲಿ ತಡವರಿಸದೆ ನಡೆದದ್ದು ಈ ಶ್ರಮದ ಫಲ.

ಆ ಗೇಮ್ ಪ್ರತಿ ಕೋಸ್ಟರಿಗೂ ಮೂರು ಅಂಕ ಕೊಡುತ್ತದೆ: ರೋಮಾಂಚನ, ತೀವ್ರತೆ, ವಾಕರಿಕೆ. ತೀವ್ರತೆ 10 ದಾಟಿತೋ, ರೋಮಾಂಚನದ ಅಂಕದಲ್ಲಿ ಕಾಲು ಭಾಗ ಹೋಯಿತು. 11 ದಾಟಿದರೆ ಉಳಿದದ್ದರಲ್ಲಿ ಇನ್ನೂ ಕಾಲು ಭಾಗ, 12 ದಾಟಿದರೆ ಮತ್ತೊಮ್ಮೆ. ಪಕ್ಕಕ್ಕೆ ತಳ್ಳುವ ಬಲ 2.8 ಜಿ ಮೀರಿದರಂತೂ ತೀವ್ರತೆ ಒಮ್ಮೆಗೇ ಜಿಗಿಯುತ್ತದೆ. ಭಯಂಕರವಾದದ್ದೆಲ್ಲ ಒಳ್ಳೆಯದಲ್ಲ ಎಂಬುದನ್ನು ಲೆಕ್ಕದಲ್ಲೇ ಕೂರಿಸಿದ ಈ ಜಾಣ್ಮೆ ನನಗೆ ಇಂದಿಗೂ ಮೆಚ್ಚುಗೆಯದು.

ಒಂದು ಜಿ ಎಂದರೆ ನಿಂತಲ್ಲೇ ನಮಗಿರುವ ತೂಕ. ನಾಲ್ಕು ಜಿ ಎಂದರೆ 60 ಕೆ.ಜಿ. ತೂಕದವರು ಸೀಟಿನ ಮೇಲೆ 240 ಕೆ.ಜಿ.ಯಷ್ಟು ಒತ್ತುವುದು. ಸೊನ್ನೆ ಜಿ ಎಂದರೆ ಸೀಟಿನಿಂದ ಮೈ ಹಗುರಾಗಿ ಏಳುವುದು. ಕೋಸ್ಟರ್ ಪ್ರಿಯರು ಇದನ್ನು ಏರ್‌ಟೈಮ್ ಎನ್ನುತ್ತಾರೆ, ಹೆಚ್ಚಿನವರು ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದೇ ಇದಕ್ಕಾಗಿ.

ಕೆಳಕ್ಕೆ ಒತ್ತುವ ನಾಲ್ಕು ಜಿಯನ್ನು ಕ್ಷಣಕಾಲ ಸಲೀಸಾಗಿ ತಾಳುವ ದೇಹ, ಪಕ್ಕಕ್ಕೆ ತಳ್ಳುವ ಒಂದೂವರೆ ಜಿಗೇ ಮುಖ ಕಿವುಚುತ್ತದೆ. ಘಾಟಿಯ ತಿರುವಿನಲ್ಲಿ ಬಸ್ಸು ವೇಗವಾಗಿ ಹೊರಳಿದಾಗ ಪಕ್ಕದವರ ಭುಜಕ್ಕೆ ಹೋಗಿ ತಾಗುತ್ತೇವಲ್ಲ, ಅದೇ ಬಲ ಇದು. ಹೊಸಬರು ಕಟ್ಟಿದ ಕೋಸ್ಟರ್‌ಗಳಲ್ಲಿ ಮೊದಲು ಕಾಣುವ ದೋಷವೂ ಇದೇ. ಮದ್ದು ಸರಳ: ತಿರುವಿನಲ್ಲಿ ಹಳಿಯನ್ನು ಒಳಕ್ಕೆ ವಾಲಿಸಬೇಕು. ಗಂಟೆಗೆ 72 ಕಿ.ಮೀ. ವೇಗದ ರೈಲು 40 ಮೀಟರ್ ತ್ರಿಜ್ಯದ ತಿರುವಿಗೆ ಬಂದರೆ ಸುಮಾರು 45 ಡಿಗ್ರಿ ವಾಲಿಕೆ ಸಾಕು, ಪಕ್ಕದ ಬಲ ಹೆಚ್ಚುಕಡಿಮೆ ಮಾಯ.

ಈಗ ಸುತ್ತು, ಅಂದರೆ ಲೂಪ್. ಪೂರ್ತಿ ದುಂಡಗಿನ ಸುತ್ತನ್ನು ಇಂದು ಯಾವ ಪ್ರಮುಖ ತಯಾರಕರೂ ಕಟ್ಟುವುದಿಲ್ಲ. ಕಾರಣಕ್ಕೆ ದೊಡ್ಡ ಗಣಿತವೇನೂ ಬೇಡ. ದುಂಡು ಸುತ್ತಿನ ನೆತ್ತಿಯಲ್ಲಿ ಹಳಿ ಬಿಡದೆ ದಾಟುವಷ್ಟು ಕನಿಷ್ಠ ವೇಗ ಇಟ್ಟುಕೊಂಡರೂ, ಘರ್ಷಣೆಯನ್ನೇ ಲೆಕ್ಕಕ್ಕೆ ಹಿಡಿಯದಿದ್ದರೂ, ಬುಡದಲ್ಲಿ ಆರು ಜಿ ಬಂದೇ ಬರುತ್ತದೆ. ಸುತ್ತು ಚಿಕ್ಕದಾಗಲಿ, ದೊಡ್ಡದಾಗಲಿ, ಈ ಆರು ಬದಲಾಗುವುದಿಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1895ರಲ್ಲಿ ತೆರೆದ ‘ಫ್ಲಿಪ್ ಫ್ಲ್ಯಾಪ್ ರೈಲ್ವೆ’ಗೆ ಸುಮಾರು ಏಳೂವರೆ ಮೀಟರ್ ಅಡ್ಡಳತೆಯ ದುಂಡು ಸುತ್ತಿತ್ತು. ಅಲ್ಲಿ ಬಲ ಹನ್ನೆರಡು ಜಿಯವರೆಗೂ ಹೋಗುತ್ತಿತ್ತೆಂಬ ಅಂದಾಜಿದೆ. ಕೂತವರ ಕತ್ತಿನ ಗತಿಯನ್ನು ಊಹಿಸಿಕೊಳ್ಳಿ. ಅದು ಹೆಚ್ಚು ಕಾಲ ಬಾಳಲಿಲ್ಲ.

ದಾರಿ ತೋರಿಸಿದ್ದು 1976. ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಆ ವರ್ಷ ‘ರೆವಲ್ಯೂಷನ್’ ತೆರೆಯಿತು. ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ಕಟ್ಟಿದರು, ಲೆಕ್ಕ ಹಾಕಿದವರು ಎಂಜಿನಿಯರ್ ವೆರ್ನರ್ ಸ್ಟೆಂಗೆಲ್. ಅವರ ಸುತ್ತು ನೀರಿನ ಹನಿಯ ಆಕಾರದ್ದು: ರೈಲು ವೇಗವಾಗಿರುವ ಬುಡದಲ್ಲಿ ಅಗಲ, ನಿಧಾನವಾಗುವ ನೆತ್ತಿಯಲ್ಲಿ ಕಿರಿದು. ವೇಗ ಇಳಿದಂತೆ ತಿರುವು ಬಿಗಿಯಾಗುವುದರಿಂದ ಬಲ ಸುತ್ತಿನುದ್ದಕ್ಕೂ ಹತೋಟಿಯಲ್ಲಿರುತ್ತದೆ. ಈ ವಕ್ರರೇಖೆಯ ಹೆಸರು ಕ್ಲೋಥಾಯ್ಡ್. ಹೆದ್ದಾರಿ, ರೈಲುಮಾರ್ಗಗಳ ನೇರ ಭಾಗ ತಿರುವಿಗೆ ಸೇರುವಲ್ಲಿ ಎಂಜಿನಿಯರುಗಳು ಬಳಸುವುದೂ ಇದನ್ನೇ.

1936ರಲ್ಲಿ ಹುಟ್ಟಿದ ಸ್ಟೆಂಗೆಲ್ 500ಕ್ಕೂ ಹೆಚ್ಚು ಕೋಸ್ಟರ್‌ಗಳ ವಿನ್ಯಾಸಕ್ಕೆ ಕೈಹಚ್ಚಿದ್ದಾರೆ. 2005ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ರೈಲು ಪಕ್ಕಕ್ಕೆ ಉರುಳುವಾಗ ಯಾವ ಗೆರೆಯ ಸುತ್ತ ಉರುಳಬೇಕು? ಹಳಿಯ ಸುತ್ತ ಎಂದರೆ ತಪ್ಪು. ಹಾಗೆ ಮಾಡಿದರೆ ಹಳಿ ಅಲುಗುವುದು ಅಷ್ಟಿಷ್ಟು, ಆದರೆ ಅದರ ಮೇಲಿರುವ ತಲೆ, ಎದೆ ಆಚೀಚೆ ಬೀಸಿಹೋಗುತ್ತವೆ. ಕೂತವರ ಎದೆಯ ಮಟ್ಟದಲ್ಲಿ, ಹಳಿಗಿಂತ ಸುಮಾರು ಒಂದು ಮೀಟರ್ ಮೇಲೆ ಒಂದು ಗೆರೆ ಕಲ್ಪಿಸಿಕೊಂಡು ಹಳಿಯನ್ನೇ ಅದರ ಸುತ್ತ ತಿರುಚಬೇಕು. ಇದಕ್ಕೆ ಹಾರ್ಟ್‌ಲೈನ್ ಎಂಬ ಹೆಸರು. ಜರ್ಮನಿಯ ಓಲೆ ಲಾಂಗೆ 2001ರಲ್ಲಿ ಹೊರತಂದ ‘ನೋಲಿಮಿಟ್ಸ್’ ಸಿಮ್ಯುಲೇಟರಿನಲ್ಲಿ ಈ ಎತ್ತರವನ್ನು ನಾವೇ ನಮೂದಿಸಬಹುದು. ನಿಜವಾದ ಕೋಸ್ಟರಿನ ಫೋಟೊದಲ್ಲಿ ಹಳಿ ವಿಚಿತ್ರವಾಗಿ ಸುತ್ತಿಕೊಂಡಂತೆ ಕಂಡರೆ ಬೆರಗಾಗಬೇಡಿ. ಅಲ್ಲಿ ನೆಟ್ಟಗೆ ಸಾಗುತ್ತಿರುವುದು ಜನರ ಎದೆ.

‘ಪ್ಲ್ಯಾನೆಟ್ ಕೋಸ್ಟರ್’ 2016ರ ಗೇಮ್. ಇದರಲ್ಲಿ ಹಳಿಯನ್ನು ಒಂದೇ ಒತ್ತಿಗೆ ನಯಗೊಳಿಸುವ ಸೌಲಭ್ಯವಿದೆ, ಯಾವ ಜಾಗದಲ್ಲಿ ಬಲ ಎಷ್ಟು ಎಂಬುದನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವೂ ಇದೆ. ಮೊದಲನೆಯದನ್ನು ಎಲ್ಲರೂ ಬಳಸುತ್ತಾರೆ. ಎರಡನೆಯದನ್ನು ಬಳಸುವವರು ಚೆನ್ನಾಗಿ ಕಟ್ಟುತ್ತಾರೆ. ಕಣ್ಣಿಗೆ ನಯವಾದ ಹಳಿ ಮೈಗೂ ನಯವಾಗಿರಬೇಕೆಂದಿಲ್ಲ.

ಹಾಗಾದರೆ ಹಳಿಯನ್ನು ಬಿಡಿಸುವುದನ್ನೇ ಬಿಟ್ಟು ಬಲವನ್ನೇ ಬಿಡಿಸಿದರೆ? ಆ ವಿಧಾನವೂ ಇದೆ, ಫೋರ್ಸ್ ವೆಕ್ಟರ್ ಡಿಸೈನ್ ಎಂದು. ‘ಇಲ್ಲಿ ಎರಡು ಸೆಕೆಂಡು ಸೊನ್ನೆ ಜಿ, ಆಮೇಲೆ ಮೆಲ್ಲಗೆ ಮೂರೂವರೆಗೆ ಏರಲಿ, ಅಷ್ಟರಲ್ಲಿ ಬಲಕ್ಕೆ ಇಷ್ಟು ಉರುಳಲಿ’ ಎಂದು ಗ್ರಾಫ್ ಎಳೆದರೆ, ಆ ಅನುಭವ ಕೊಡುವ ಹಳಿಯ ಆಕಾರವನ್ನು ಕಂಪ್ಯೂಟರೇ ಲೆಕ್ಕ ಹಾಕಿ ಕೊಡುತ್ತದೆ. ಹವ್ಯಾಸಿಗಳು ಇದಕ್ಕಾಗಿ ತಾವೇ ತಂತ್ರಾಂಶ ಬರೆದು ಎಲ್ಲರಿಗೂ ಹಂಚಿದ್ದಾರೆ. ಕಲಿಯಲು ತಾಳ್ಮೆ ಬೇಕು. ಕಲಿತವರ ಕೋಸ್ಟರ್‌ಗೂ ಉಳಿದವರ ಕೋಸ್ಟರ್‌ಗೂ ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿದುಬಿಡುತ್ತದೆ.

ಒಂದೇ ರೈಲು, ಒಂದೇ ಹಳಿ, ಆದರೂ ಮುಂದಿನ ಸೀಟಿನ ಅನುಭವ ಬೇರೆ, ಹಿಂದಿನದು ಬೇರೆ. ಇಡೀ ರೈಲಿನ ವೇಗ ನಿರ್ಧಾರವಾಗುವುದು ಅದರ ನಡುಭಾಗ ಎಲ್ಲಿದೆ ಎಂಬುದರಿಂದ. ಮುಂದಿನ ಬೋಗಿ ದಿಬ್ಬದ ನೆತ್ತಿ ದಾಟುವಾಗ ರೈಲಿಗಿನ್ನೂ ವೇಗವಿಲ್ಲ. ಹಿಂದಿನ ಬೋಗಿ ಅದೇ ನೆತ್ತಿಗೆ ಬರುವಷ್ಟರಲ್ಲಿ ಮುಂದಿನವು ಕೆಳಗೆ ಧುಮುಕಿ ಎಳೆಯುತ್ತಿರುತ್ತವೆ. ಆದ್ದರಿಂದ ವಿನ್ಯಾಸವನ್ನು ನಡುವಿನ ಸೀಟಿನಲ್ಲಿ ಮಾತ್ರ ಪರೀಕ್ಷಿಸುವುದು ಅರ್ಧ ಪರೀಕ್ಷೆ.

50 ಮೀಟರ್ ಇಳಿತದ ಕೊನೆಗೆ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ವೇಗ ಗಂಟೆಗೆ ಸುಮಾರು 113 ಕಿ.ಮೀ. ವೇಗ ಎರಡರಷ್ಟಾಗಬೇಕಾದರೆ ಎತ್ತರ ನಾಲ್ಕರಷ್ಟಾಗಬೇಕು. ರೈಲು ಖಾಲಿಯೋ ತುಂಬಿದೆಯೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಘರ್ಷಣೆ, ಗಾಳಿ ಎಷ್ಟು ತಿನ್ನುತ್ತವೆ ಎಂದು ಕಣ್ಣಾರೆ ನೋಡಬೇಕೇ? ಬಿಡದಿ ಬಳಿಯ ವಂಡರ್‌ಲಾದಲ್ಲಿರುವ ‘ರಿಕಾಯ್ಲ್’ ಕೋಸ್ಟರನ್ನು ಗಮನಿಸಿ. ಮುಂದಕ್ಕೆ ಹೋದ ದಾರಿಯಲ್ಲೇ ಹಿಮ್ಮುಖವಾಗಿ ಮರಳುವ ಜಾತಿ ಅದು. ಇಂಥ ಕೋಸ್ಟರ್‌ಗಳಲ್ಲಿ ರೈಲು ಒಂದು ಎತ್ತರದಿಂದ ಇಳಿದು ಎದುರಿನ ಅಷ್ಟೇ ಎತ್ತರವನ್ನು ತಾನಾಗಿ ಮುಟ್ಟಲಾರದು. ಕೊರತೆ ಬಿದ್ದಷ್ಟನ್ನು ಸರಪಳಿ ಹಿಡಿದು ಮೇಲಕ್ಕೆ ಎಳೆಯುತ್ತದೆ. ಗೇಮ್‌ನಲ್ಲಿ ಎರಡನೆಯ ದಿಬ್ಬವನ್ನು ಮೊದಲನೆಯದರಷ್ಟೇ ಎತ್ತರ ಮಾಡಿದವರ ರೈಲು ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುವುದೂ ಇದರಿಂದಲೇ.

ಕೋಸ್ಟರ್ ಹಳಿಯನ್ನು ಬ್ಲಾಕ್ ಎಂಬ ಭಾಗಗಳಾಗಿ ಹಂಚಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು ಇರಬೇಕು, ಮುಂದಿನ ಬ್ಲಾಕು ಖಾಲಿಯಾಗದೆ ಹಿಂದಿನ ರೈಲು ಹೊರಡಕೂಡದು. ಹಾಗಾಗಿ ರೈಲುಗಳ ಸಂಖ್ಯೆ ಬ್ಲಾಕುಗಳಿಗಿಂತ ಕನಿಷ್ಠ ಒಂದು ಕಡಿಮೆ. ನಡುವೆ ಬ್ರೇಕೇ ಇಲ್ಲದೆ ನಾಲ್ಕು ರೈಲು ಓಡಿಸುವ ಪರದೆಯ ಕೋಸ್ಟರ್ ಎಷ್ಟೇ ಸುಂದರವಾಗಿರಲಿ, ನನ್ನ ಮಟ್ಟಿಗೆ ಅದು ಅಪೂರ್ಣ.

ಕೂತವರು ಕೈ ಚಾಚಿದರೂ ಯಾವ ಕಂಬ, ತೊಲೆಯೂ ತಗುಲಬಾರದು. ನಿಜವಾದ ಕೋಸ್ಟರಿನಲ್ಲಿ ರೈಲಿಗೆ ಚೌಕಟ್ಟು ಕಟ್ಟಿ ಹಳಿಯುದ್ದಕ್ಕೂ ಸಾಗಿಸಿ ಇದನ್ನು ಪರೀಕ್ಷಿಸುತ್ತಾರೆ. ಸಿಮ್ಯುಲೇಟರಿನಲ್ಲಿ ಅದೇ ಕೆಲಸಕ್ಕೆ ಹಳಿಯ ಸುತ್ತ ಕಾಲ್ಪನಿಕ ಸುರಂಗ ಎಳೆದು ನೋಡಬಹುದು.

ಬಲದ ಮಿತಿಗೆ ಅಂತರರಾಷ್ಟ್ರೀಯ ಮಾನದಂಡಗಳಿವೆ: ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್2291, ಯುರೋಪಿನ ಇಎನ್ 13814. ಎಎಸ್‌ಟಿಎಂ ನಿಯಮದಲ್ಲಿ ಮಿತಿ ಒಂದೇ ಅಂಕಿಯಲ್ಲಿಲ್ಲ, ಬಲ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲಿದೆ. ಕ್ಷಣಾರ್ಧಕ್ಕೆ ಒಪ್ಪಿತವಾದ ಬಲ ಹಲವು ಸೆಕೆಂಡುಗಳಿಗೆ ಒಪ್ಪಿತವಲ್ಲ.

‘ನೋಲಿಮಿಟ್ಸ್ 2’ ಬಂದದ್ದು 2014ರಲ್ಲಿ. ಮನೆಯಲ್ಲಿ ಆಡುವವರಿಗೊಂದು, ಕೋಸ್ಟರ್ ಉದ್ಯಮದ ಕಂಪನಿಗಳಿಗೊಂದು ಎಂದು ಅದಕ್ಕೆ ಬೇರೆ ಬೇರೆ ಪರವಾನಗಿ ಇದೆ. ಎಂಜಿನಿಯರಿಂಗ್ ಓದುವ ಆಸೆ ಇರುವ ಮಕ್ಕಳಿಗೆ ಇಷ್ಟು ಹತ್ತಿರದಿಂದ ಚಲನಶಾಸ್ತ್ರ ತೋರಿಸುವ ಆಟಗಳು ಬೆರಳೆಣಿಕೆಯಷ್ಟು ಎಂಬುದು ನನ್ನ ದೃಢವಾದ ಅನಿಸಿಕೆ.

ಶುರುಮಾಡುವವರಿಗೆ ಒಂದೇ ಮಾತು. ಮೊದಲ ದಿನವೇ ಹತ್ತು ಸುತ್ತಿನ ಕೋಸ್ಟರಿಗೆ ಕೈಹಾಕಬೇಡಿ. ಒಂದು ಏರು, ಒಂದು ಇಳಿತ, ಒಂದು ತಿರುವು ಕಟ್ಟಿ. ಜಿ ಬಲದ ಗ್ರಾಫ್ ತೆರೆದು ಕೊನೆಯ ಸೀಟಿನಲ್ಲಿ ಕೂತು ಓಡಿಸಿ. ಪಕ್ಕದ ಬಲ ಸೊನ್ನೆಯ ಹತ್ತಿರಕ್ಕೆ ಬರುವವರೆಗೆ ಮುಂದಿನ ಹಳಿ ಜೋಡಿಸಬೇಡಿ.